ಎರಡು ದಿನದ ಬೆಂಗಳೂರು

'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದಿಸುವುದೇ ನನ್ನ ವೃತ್ತಿಯಾದ್ದರಿಂದ ದೇಶ ಸುತ್ತಲು ನನಗೆ ಸಿಗುವುದು ಬೇಸಿಗೆ ರಜೆ ಮಾತ್ರ. ಮದೀನತ್ ಖಲೀಫಾದ ನಮ್ಮ ಓಣಿಯಲ್ಲಿ ಬಿಸಿಲೇರುತ್ತಿದ್ದಂತೆ ಎಲ್ಲರ ಬಾಯಲ್ಲೂ ಟಿಕೆಟ್ಟಿನ ಮಾತೇ. ಈ ಸಲ ಸ್ಟಾಫ್ ರೂಮಿನಲ್ಲಿ ಒಬ್ಬರು ಇಸ್ತಾಂಬುಲ್ ಎಂದರು, ಇನ್ನೊಬ್ಬರು ಬ್ಯಾಂಕಾಕ್ ಎಂದರು, ಮತ್ತೊಬ್ಬರು ಸಿಂಗಪುರದಲ್ಲಿ ಎಲ್ಲೆಲ್ಲಿ ಏನೇನು ತಿನ್ನಬೇಕೆಂದು ಪಟ್ಟಿಯನ್ನೇ ಮಾಡಿದ್ದರು. ನನ್ನ ಸರದಿ ಬಂದಾಗ "ಬೆಂಗಳೂರು, ಎರಡು ದಿನ" ಎಂದೆ. "ಅದು ಊರಿಗೆ ಹೋಗುವುದಲ್ಲವೇ ಮೇಡಂ, ಪ್ರವಾಸ ಹೇಗಾಗುತ್ತದೆ?" ಎಂದು ಎಲ್ಲರೂ ನಕ್ಕರು.

ಆಗುತ್ತದೆ ಎಂಬುದೇ ನನ್ನ ವಾದ. ನಮ್ಮೂರು ಸಾಗರ. ದೋಹಾದಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಇಳಿದ ಮೇಲೆ ದೇವನಹಳ್ಳಿಯಿಂದ ನಗರದ ಮಧ್ಯಕ್ಕೆ 35 ಕಿಲೋಮೀಟರ್ ಟ್ಯಾಕ್ಸಿ, ಅಲ್ಲಿಂದ ರಾತ್ರಿಯ ರೈಲು. ಪ್ರತಿ ವರ್ಷವೂ ಇದೇ. ನನ್ನ ಮಕ್ಕಳು ಬೆಂಗಳೂರನ್ನು ನೋಡಿರುವುದು ಟ್ಯಾಕ್ಸಿಯ ಕಿಟಕಿಯಿಂದ, ಅದೂ ಅರ್ಧ ನಿದ್ದೆಯಲ್ಲಿ. ಏಳನೇ ತರಗತಿಯ ಮಗಳು ಇಲ್ಲಿಯ ಇಸ್ಲಾಮಿಕ್ ಕಲಾ ಸಂಗ್ರಹಾಲಯವನ್ನು ಮೂರು ಸಲ ನೋಡಿದ್ದಾಳೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಸಂಗ್ರಹಾಲಯದ ಕಟ್ಟಡ ಮರಳುಗಾಡಿನ ಗುಲಾಬಿಯ ಆಕಾರದಲ್ಲಿದೆ ಎಂದು ಊರಿಂದ ಬಂದ ನೆಂಟರಿಗೆ ಅವಳೇ ವಿವರಿಸುತ್ತಾಳೆ. ಸೂಕ್ ವಾಕಿಫ್‌ನಲ್ಲಿ ಒಳ್ಳೆಯ ಕರಕ್ ಚಹಾ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿ, ಹೇಳುತ್ತಾಳೆ. ಆದರೆ ಲಾಲ್‌ಬಾಗ್ ಎಂದರೆ ಅವಳಿಗೆ ಪಠ್ಯಪುಸ್ತಕದ ಒಂದು ಚಿತ್ರ ಅಷ್ಟೆ.

ಬೆಂಗಳೂರಿನಲ್ಲಿ ನಿಂತದ್ದೇ ಇಲ್ಲ ಎಂದೂ ಅಲ್ಲ. ನಿಂತಾಗಲೆಲ್ಲ ನೆಂಟರ ಮನೆ ಸುತ್ತುವುದೇ ಆಗಿದೆ. ಗಲ್ಫ್‌ನಲ್ಲಿರುವ ಕನ್ನಡಿಗರಿಗೆಲ್ಲ ಈ ಸುಖದುಃಖ ಗೊತ್ತು. ಒಂದು ಮನೆಗೆ ಹೋಗಿ ಇನ್ನೊಂದು ಮನೆಗೆ ಹೋಗದಿದ್ದರೆ ಆ ಮಾತು ಮುಂದಿನ ಮದುವೆಯವರೆಗೂ ಉಳಿಯುತ್ತದೆ. ಬೆಳಿಗ್ಗೆ ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ತಿಂಡಿ, ಮಧ್ಯಾಹ್ನ ಬನಶಂಕರಿಯಲ್ಲಿ ಊಟ, ಸಂಜೆ ವೈಟ್‌ಫೀಲ್ಡಿನ ತಮ್ಮನ ಮನೆಯಲ್ಲಿ ಮತ್ತೆ ಊಟ. ನಡುವೆ ನೋಡಿದ್ದೆಲ್ಲ ಸಿಗ್ನಲ್ ದೀಪಗಳು. ಎಲ್ಲರೂ ಪ್ರೀತಿಯಿಂದ ಬಡಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳು ಮಾತ್ರ ಸೋಫಾದ ಮೂಲೆಯಲ್ಲಿ ಕುಳಿತು ಫೋನು ನೋಡುತ್ತಾರೆ. ಆದ್ದರಿಂದ ಈ ಸಲ ಮೊದಲ ತೀರ್ಮಾನವೇ ಜಯನಗರದಲ್ಲಿ ಒಂದು ಹೋಟೆಲಿನಲ್ಲಿ ಉಳಿಯುವುದು. ತಮ್ಮನಿಗೆ ಇದನ್ನು ಹೇಳಲು ನನಗೆ ಎರಡು ವಾರ ಹಿಡಿಯಿತು. "ನಮ್ಮನೆ ಇರುವಾಗ ಹೋಟೆಲ್ಲಾ ಅಕ್ಕಾ?" ಎಂದ. ಕಡೆಗೆ ಅಪ್ಪಯ್ಯನ ಹೆಸರು ಹೇಳಿದ ಮೇಲೆ ಒಪ್ಪಿದ.

ಈ ಪ್ರವಾಸ ಅಪ್ಪಯ್ಯನಿಗಾಗಿಯೂ ಹೌದು. ಅವರಿಗೆ ಈಗ ಎಪ್ಪತ್ತಮೂರು. 1971ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಸೇರಿದವರು, ಮರುವರ್ಷವೇ ನನ್ನಜ್ಜ ತೀರಿಕೊಂಡದ್ದರಿಂದ ಓದು ಬಿಟ್ಟು ಅಡಿಕೆ ತೋಟಕ್ಕೆ ಮರಳಿದರು. ಅದರ ಬಗ್ಗೆ ಬೇಸರದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಆ ಒಂದೂವರೆ ವರ್ಷದ ಕಥೆಗಳನ್ನು ಎಷ್ಟು ಸಲ ಹೇಳಿದರೂ ಅವರಿಗೆ ಮುಗಿಯುವುದಿಲ್ಲ. ಊರಿಂದ ಮನಿಯಾರ್ಡರ್ ಬಂದ ದಿನ ಗೆಳೆಯರ ಜೊತೆ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ ತಿಂಗಳಿಗೆ ಒಂದೇ ಒಂದು ಮಸಾಲೆ ದೋಸೆ ತಿನ್ನುತ್ತಿದ್ದದ್ದು. ಗವೀಪುರದ ಮನೆಯಿಂದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಕೊಡೆ ಹಿಡಿದು ಕ್ಲಬ್ಬಿಗೆ ನಡೆದು ಹೋಗುವುದನ್ನು ದೂರದಿಂದ ನೋಡಿದ್ದು. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ "ನಾನು ಅವರನ್ನು ನೋಡಿದ್ದೇನೆ" ಎಂದು ಊರಿನವರಿಗೆಲ್ಲ ಹೇಳಿದ್ದರಂತೆ. ಆಮೇಲೆ ಅಪ್ಪಯ್ಯ ಬೆಂಗಳೂರಿಗೆ ಹೋದದ್ದು ಮದುವೆಗೆ, ಆಸ್ಪತ್ರೆಗೆ ಮಾತ್ರ. ಗಾಂಧಿಬಜಾರಿಗೆ ಮತ್ತೆ ಹೋಗಿಲ್ಲ. ಈಗ ಮೊಣಕಾಲು ನೋವು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದಾರೆ. 'ಮುಂದಿನ ವರ್ಷ ನೋಡೋಣ' ಎಂದು ಎಷ್ಟು ವರ್ಷ ದೂಡುವುದು?

ಹಾಗಾಗಿ ರಜೆಯ ಕೊನೆಯಲ್ಲಿ ಹಿಂತಿರುಗುವಾಗ ಅವರನ್ನೂ ರಾತ್ರಿ ರೈಲಿನಲ್ಲಿ ಕರೆದುಕೊಂಡು ಬರುವುದು, ಎರಡು ದಿನ ಸುತ್ತುವುದು, ನಾವು ವಿಮಾನ ಹತ್ತಿದ ಮೇಲೆ ತಮ್ಮ ಅವರನ್ನು ಊರಿಗೆ ಬಿಟ್ಟು ಬರುವುದು ಎಂದಾಯಿತು.

ಯೋಜನೆ ಬರೆಯುವ ಕೆಲಸವನ್ನು ಮಗಳಿಗೆ ವಹಿಸಿದೆ. ಷರತ್ತು ಒಂದೇ: ಅಜ್ಜ ಓದುವಂತೆ ಕನ್ನಡದಲ್ಲಿ, ಕೈಯಲ್ಲಿ ಬರೆಯಬೇಕು. ನಮ್ಮ ಮನೆಯ ಶುಕ್ರವಾರದ ಫೋನು ಹೇಗಿರುತ್ತಿತ್ತೆಂದರೆ, "ಅಜ್ಜಾ, ಊಟ ಆಯ್ತಾ?" "ಆಯ್ತು ಮಗಾ, ನಿಂದು?" "ಆಯ್ತು." ಅಲ್ಲಿಗೆ ಮುಕ್ತಾಯ. ಅವಳಿಗೆ ಕನ್ನಡ ಬರುವುದಿಲ್ಲವೆಂದಲ್ಲ, ಆಡಲು ವಿಷಯವೇ ಇರಲಿಲ್ಲ. ಅವಳು ಎರಡು ಪುಟ ಬರೆದು, ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಅಪ್ಪಯ್ಯ ಅದನ್ನು ಸಾಗರ ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಕೆಂಪು ಶಾಯಿಯಲ್ಲಿ ತಿದ್ದಿ, ಫೋಟೋ ತೆಗೆಸಿ ತಿರುಗಿ ಕಳಿಸಿದರು! 'ಬಸವನಗುಢಿ' ಎಂದು ಬರೆದಿದ್ದ ಢಕಾರಕ್ಕೆ ಒಂದು ಸುತ್ತು. ಮೊದಲ ದಿನವೇ ಕಬ್ಬನ್ ಪಾರ್ಕ್, ವಿಧಾನಸೌಧ, ಬನ್ನೇರುಘಟ್ಟ ಎಲ್ಲವನ್ನೂ ತುಂಬಿದ್ದಕ್ಕೆ ಅಡ್ಡಗೆರೆ. ಅಂಚಿನಲ್ಲಿ "ಊಟದ ಮೇಲೆ ಮಲಗುವುದು ಬೇಡವೇ?" ಎಂಬ ಪ್ರಶ್ನೆ. ಆ ದಿನ ಅಜ್ಜ ಮೊಮ್ಮಗಳು ಫೋನಿನಲ್ಲಿ ನಲವತ್ತು ನಿಮಿಷ ವಾದ ಮಾಡಿದರು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಹೀಗೆ ಮೂರು ಸಲ ತಿದ್ದಿದ ಮೇಲೆ ಉಳಿದ ಯೋಜನೆ ತೀರ ಚಿಕ್ಕದು. ಬೆಂಗಳೂರಿನಂಥ ನಗರದಲ್ಲಿ ಎರಡು ದಿನಕ್ಕೆ ಇಡೀ ಊರು ನೋಡುತ್ತೇನೆಂದು ಹೊರಟರೆ ನೋಡುವುದು ರಸ್ತೆಯನ್ನು ಮಾತ್ರ. ನಾವು ಲಾಲ್‌ಬಾಗ್, ಬಸವನಗುಡಿ, ಹಳೆಯ ಪೇಟೆ ಇಷ್ಟರಿಂದಾಚೆ ಹೋಗುವುದಿಲ್ಲ. ಬನ್ನೇರುಘಟ್ಟ ಬಿಟ್ಟದ್ದಕ್ಕೆ ಎಂಟು ವರ್ಷದ ಮಗ ಇನ್ನೂ ಮುನಿಸಿಕೊಂಡಿದ್ದಾನೆ. ಮಾಲ್‌ಗಳನ್ನು ಬಿಟ್ಟದ್ದಕ್ಕೆ ಯಾರೂ ಅಳಲಿಲ್ಲ. ದೋಹಾದಲ್ಲಿ ಅವಕ್ಕೇನು ಕೊರತೆ?

ವಾರ ಆರಿಸುವುದರಲ್ಲೂ ಒಂದು ಲೆಕ್ಕವಿದೆ. ಕತಾರಿನಲ್ಲಿ ನಮಗೆ ಶುಕ್ರವಾರ ರಜೆ. ವಿದ್ಯಾರ್ಥಿ ಭವನಕ್ಕೂ ಶುಕ್ರವಾರವೇ ರಜೆ! ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ ರಜೆ. ಶನಿವಾರ, ಭಾನುವಾರ ಎರಡೂ ಕಡೆ ಬಾಗಿಲಲ್ಲಿ ಜನವೋ ಜನ, ಅಪ್ಪಯ್ಯ ಅಷ್ಟು ಹೊತ್ತು ನಿಲ್ಲಲಾರರು. ಹಾಗಾಗಿ ಮಂಗಳವಾರ ಮತ್ತು ಬುಧವಾರ. ಸ್ವಾತಂತ್ರ್ಯ ದಿನದ ಸುಮಾರಿಗೆ ನಡೆಯುವ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಅಷ್ಟರಲ್ಲಿ ಮುಗಿದಿರುತ್ತದೆ. ನನಗೇನೂ ಬೇಸರವಿಲ್ಲ. ಆ ಗದ್ದಲದಲ್ಲಿ ಹೂವಿಗಿಂತ ಮುಂದಿನವರ ಬೆನ್ನೇ ಹೆಚ್ಚು ಕಾಣುವುದು.

ಮಂಗಳವಾರ ಬೆಳಿಗ್ಗೆ ರೈಲಿಳಿದು, ಸ್ನಾನ ಮುಗಿಸಿ, ನೇರ ವಿದ್ಯಾರ್ಥಿ ಭವನ. ಇದು ಅಪ್ಪಯ್ಯನ ಆಜ್ಞೆ. 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಶುರುವಾದ ಹೋಟೆಲು ಅದು, ಹೆಸರು ಬಂದದ್ದೂ ಹಾಗೆಯೇ. ಮಾಣಿಗಳು ಒಂದೇ ಕೈಯ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ದೃಶ್ಯಕ್ಕಾಗಿ ಮಗ ಕಾದಿದ್ದಾನೆ. ದೋಸೆಗೆ ಚಟ್ನಿ ಮಾತ್ರ, ಸಾಂಬಾರ್ ಕೇಳಬಾರದು ಎಂದು ಮೊದಲೇ ಹೇಳಿಟ್ಟಿದ್ದೇನೆ. ಆರ್ಡರ್ ಹೇಳುವುದು ಮಗಳು, ಕನ್ನಡದಲ್ಲಿ. "ನಾಲ್ಕು ಮಸಾಲೆ, ಒಂದು ಸಾದಾ, ಮೂರು ಕಾಫಿ" ಎಂದು ಈಗಲೇ ಅಭ್ಯಾಸ ನಡೆದಿದೆ.

ಅಲ್ಲಿಂದ ಗಾಂಧಿಬಜಾರಿನ ಹೂವಿನ ಅಂಗಡಿಗಳು, ಡಿ.ವಿ.ಜಿ. ರಸ್ತೆ. ನನ್ನ ಕನ್ನಡ ತರಗತಿಯ ಮಕ್ಕಳಿಗೆ ತೋರಿಸಲು ಆ ರಸ್ತೆಯ ಫಲಕದ ಒಂದು ಫೋಟೋ ನನಗೆ ಬೇಕೇ ಬೇಕು. ಆಮೇಲೆ ಆಟೋದಲ್ಲಿ ದೊಡ್ಡ ಗಣಪತಿ. ಅದು ಗುಡ್ಡದ ಬುಡದಲ್ಲೇ ಇರುವುದರಿಂದ ಅಪ್ಪಯ್ಯ ಅಲ್ಲೇ ಕೂರಬಹುದು. ಮಕ್ಕಳು ಅವರ ಅಪ್ಪನೊಡನೆ ಮೆಟ್ಟಿಲು ಹತ್ತಿ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವನನ್ನು ನೋಡಿ ಬರುತ್ತಾರೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಆ ಹೊತ್ತಿಗೆ ನಮಗೆ ಎಂದೂ ರಜೆ ಇರುವುದಿಲ್ಲ. ಮಧ್ಯಾಹ್ನ ನಿದ್ದೆ. ಸಂಜೆ ಸಜ್ಜನ್ ರಾವ್ ವೃತ್ತದ ಪಕ್ಕದ ವಿ.ವಿ. ಪುರಂ ತಿಂಡಿ ಬೀದಿ: ಬಿಸಿ ಹೋಳಿಗೆ, ಅಕ್ಕಿ ರೊಟ್ಟಿ, ಬೆಣ್ಣೆ ಹಾಕಿದ ಗುಲ್ಕನ್, ವಿ.ಬಿ. ಬೇಕರಿಯ ಖಾರಾ ಬನ್. ಅವರೆಕಾಯಿಯ ಕಾಲ ಚಳಿಗಾಲವಾದ್ದರಿಂದ ಅದೊಂದು ಸಿಗುವುದಿಲ್ಲ.

ಬುಧವಾರ ಬೆಳಿಗ್ಗೆ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ, ಈಗ 240 ಎಕರೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು. ಒಳಗೆ ಬ್ಯಾಟರಿ ಗಾಡಿ ಓಡುವುದರಿಂದ ಅಪ್ಪಯ್ಯ ನಡೆಯಬೇಕಾಗಿಲ್ಲ. ಮಕ್ಕಳು ಹತ್ತಬೇಕಾದದ್ದು ಕೆಂಪೇಗೌಡರ ಗೋಪುರವಿರುವ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದಾಗ ಮಗನ ಮುನಿಸು ಸ್ವಲ್ಪ ಇಳಿಯಿತು. ಕತಾರಿನ ಸುಣ್ಣಕಲ್ಲಿನ ನೆಲವನ್ನು ಮಾತ್ರ ಕಂಡವನಿಗೆ ಅಷ್ಟು ಹಳೆಯ ಕಲ್ಲಿನ ಮೇಲೆ ನಿಲ್ಲುವುದೇ ಒಂದು ಸಾಹಸ. ಆಗಸ್ಟ್ ತಿಂಗಳ ತಂಪು ಗಾಳಿ, ತುಂತುರು ಮಳೆ ಅವನಿಗೆ ಇನ್ನೂ ದೊಡ್ಡ ಸಾಹಸ. ಕೊಡೆ, ಸ್ವೆಟರ್ ಎರಡೂ ಪಟ್ಟಿಯಲ್ಲಿವೆ.

ಅಲ್ಲಿಂದ ಹತ್ತಿರದ ಎಂ.ಟಿ.ಆರ್.ನಲ್ಲಿ ರವೆ ಇಡ್ಲಿ. 1924ರಲ್ಲಿ ಆರಂಭವಾದ ಈ ಹೋಟೆಲಿನವರು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ಕೊರತೆಯಿಂದ ಹುಟ್ಟಿದ ತಿಂಡಿ ಇಂದು ನಮ್ಮ ದೋಹಾದ ಅಡುಗೆಮನೆಗಳವರೆಗೂ ಬಂದಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ ಚಟ್ನಿಯನ್ನು ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆವು, ಅಲ್ಲಿ ನಿಂತೇ ತಿನ್ನಬೇಕು. ತಿಂಡಿಯಾದ ಮೇಲೆ ಮೆಟ್ರೊ. ಲಾಲ್‌ಬಾಗ್ ನಿಲ್ದಾಣದಿಂದ ಕೆ.ಆರ್. ಮಾರುಕಟ್ಟೆಗೆ ಎರಡೇ ನಿಲ್ದಾಣ, ಲಿಫ್ಟ್ ಇದೆ. ದೋಹಾ ಮೆಟ್ರೊದಲ್ಲಿ ಚಾಲಕನೇ ಇಲ್ಲವೆಂದು ಮೊಮ್ಮಗ ಹೇಳಿದಾಗ ಅಪ್ಪಯ್ಯ ನಂಬಲಿಲ್ಲ. ಇವನು ಮೆಟ್ರೊ ಹತ್ತಿಸಿ ಎಲ್ಲವನ್ನೂ ವಿವರಿಸುವ ಹುರುಪಿನಲ್ಲಿದ್ದಾನೆ. ಮಧ್ಯೆ ಬರುವ ನಿಲ್ದಾಣದ ಹೆಸರು ನ್ಯಾಷನಲ್ ಕಾಲೇಜು ಎಂಬುದನ್ನು ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ. ಅಲ್ಲಿಂದ ಟಿಪ್ಪುವಿನ ಮರದ ಅರಮನೆ. ಅದು ಮುಗಿದದ್ದು 1791ರಲ್ಲಿ. ಅಪ್ಪಯ್ಯನಿಗೆ ಕೆಳಗಿನ ಅಂಗಳವೇ ಸಾಕು. ವಿಧಾನಸೌಧವನ್ನು ರಾತ್ರಿ ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನಿಂದಲೇ ನೋಡುವುದು.

ಇಷ್ಟಾಗಿಯೂ ಪಟ್ಟಿಯಲ್ಲಿ ಒಂದು ಸಾಲು ಖಾಲಿ ಇದೆ. ಬುಧವಾರ ಸಂಜೆ ನಾಲ್ಕರಿಂದ ಆರು. ಮಗಳು ಅಲ್ಲಿ 'ಕಬ್ಬನ್ ಪಾರ್ಕ್' ಎಂದು ಬರೆದಿದ್ದಳು. ಅಪ್ಪಯ್ಯ ಹೊಡೆದುಹಾಕಿ ಬೇರೇನೂ ಬರೆದಿಲ್ಲ. ನಾನು ಫೋನಿನಲ್ಲಿ ಕೇಳಿದೆ. "ಅದು ಎಂತಕ್ಕೆ ಈಗಲೇ ಮಾರಾಯ್ತಿ, ಅಲ್ಲಿಗೆ ಹೋದ ಮೇಲೆ ಹೇಳ್ತೆ" ಎಂದರು. ಮಗಳು ಆ ಸಾಲಿನಲ್ಲಿ ತನ್ನ ದುಂಡಗಿನ ಅಕ್ಷರದಲ್ಲಿ 'ಅಜ್ಜ ಹೇಳಿದಲ್ಲಿಗೆ' ಎಂದು ಬರೆದು ಮತ್ತೆ ಕಳಿಸಿದ್ದಾಳೆ. ಈ ಸಲ ಕೆಂಪು ಗುರುತು ಬಂದಿಲ್ಲ.