ಮನೆಯ ಜಗುಲಿಯೂ ಮಗುವಿನ ಪಾಠವೂ

ಮಗುವಿಗೆ ಏನನ್ನು ಕಲಿಸಬೇಕೆಂದು ಹೇಳುವವರು ಲೋಕದಲ್ಲಿ ಬಹುಮಂದಿ. ಯಾವುದನ್ನು ಮೊದಲು, ಯಾವುದನ್ನು ಅನಂತರ, ಯಾವುದರೊಡನೆ ಯಾವುದನ್ನು ಕೂಡಿಸಿ ಕಲಿಸಬೇಕೆಂದು ನಿಂತು ಯೋಚಿಸುವವರು ವಿರಳ. ಶಾಲೆಯಿರುವಾಗ ಈ ಯೋಚನೆಯ ಭಾರವನ್ನು ಉಪಾಧ್ಯಾಯರು ಹೊರುತ್ತಾರೆ. ತಂದೆತಾಯಿಗಳು ಮಗುವನ್ನು ಶಾಲೆಯ ಬಾಗಿಲವರೆಗೆ ಬಿಟ್ಟು ನಿಶ್ಚಿಂತರಾಗುತ್ತಾರೆ. ಆ ಬಾಗಿಲೇ ಮುಚ್ಚಿದಾಗ ಭಾರವೆಲ್ಲ ಮನೆಯ ಜಗುಲಿಗೆ ಬಂದು ಕೂರುತ್ತದೆ. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಕಾರಣ ನಾಡಿನ ಶಾಲೆಗಳು ಮುಚ್ಚಿದವು. ಮಠಗಳ ವಿದ್ಯಾರ್ಥಿನಿಲಯಗಳಲ್ಲಿದ್ದ ಮಕ್ಕಳಲ್ಲಿಯೂ ಅನೇಕರು ಗಂಟುಮೂಟೆ ಕಟ್ಟಿ ಊರಿಗೆ ಮರಳಿದರು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಕರ್ನಾಟಕದಲ್ಲಿ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಕಳೆದದ್ದು ಹತ್ತೊಂಬತ್ತು ತಿಂಗಳು. ಆರು ವರ್ಷದ ಮಗುವಿನ ಪಾಲಿಗೆ ಅದು ಬಾಳಿನ ಕಾಲುಭಾಗ.

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿಗೆ ಸೇರಿದ ತೋವಿನಕೆರೆಯಲ್ಲಿ ಒಂದು ಒಕ್ಕಲು ಮನೆ. ಮನೆಯ ಹಿರಿಯರು ಮರಳಿನ ಮೇಲೆ ಬರೆದು ಕಲಿತ ತಂದೆಯಿಂದ ಅಕ್ಷರ ಕಲಿತವರು. ಮಗ ಹೊಲ ತೋಟಗಳ ಕೆಲಸದಲ್ಲಿ ನಿರತ. ಸೊಸೆ ಪಿ.ಯು.ಸಿ.ಯವರೆಗೆ ಓದಿದವಳು. ಮೊಮ್ಮಗಳು ಅಂಗನವಾಡಿಯನ್ನು ಮುಗಿಸಿ ಒಂದನೆಯ ತರಗತಿಗೆ ಕಾಲಿಡಬೇಕಾದವಳು. ಆ ವರ್ಷ ಆಕೆಗೆ ಹೊಸ ಚೀಲ ಬಂದಿತು, ಶಾಲೆ ಬರಲಿಲ್ಲ. ಮನೆಯವರೆಲ್ಲರಿಗೂ ಇದ್ದ ಭೀತಿ ಒಂದೇ: ಮಗು ಅಕ್ಷರವಿಲ್ಲದೆ ಬೆಳೆದುಬಿಡುವುದೇನೋ!

ಭೀತಿಯು ಹುಟ್ಟಿದಲ್ಲಿ ಪುಸ್ತಕಗಳು ರಾಶಿ ಬೀಳುತ್ತವೆ. ಶಾಲೆಯ ಉಪಾಧ್ಯಾಯಿನಿ ನಲಿ-ಕಲಿಯ ಅಭ್ಯಾಸ ಪುಸ್ತಕವನ್ನು ಮನೆಗೇ ತಂದುಕೊಟ್ಟರು. ತಾತ ಪೆಟ್ಟಿಗೆಯಿಂದ ಹಳೆಯ ಬಾಲಬೋಧೆಯನ್ನು ಹೊರತೆಗೆದರು. ಬೆಂಗಳೂರಿನಲ್ಲಿರುವ ಸೋದರಮಾವನು ಬಣ್ಣಬಣ್ಣದ ಇಂಗ್ಲಿಷ್ ಪುಸ್ತಕವೊಂದನ್ನು ಕಳುಹಿಸಿದನು. ಬೆಳಿಗ್ಗೆ ತಾಯಿಯ ನಲಿ-ಕಲಿ, ಮಧ್ಯಾಹ್ನ ತಾತನ ಬಾಲಬೋಧೆ, ಸಂಜೆ ಸೋದರಮಾವನ ಪುಸ್ತಕದ ಎರಡು ಪುಟ, ರಾತ್ರಿ ಮಗ್ಗಿ. ಒಂದೊಂದೂ ಸದುದ್ದೇಶದಿಂದ ಕೂಡಿದ್ದೇ. ನಾಲ್ಕು ಎತ್ತುಗಳನ್ನು ನಾಲ್ಕು ದಿಕ್ಕಿಗೆ ಕಟ್ಟಿದ ಬಂಡಿಯಂತೆ ಮಗು ಮಾತ್ರ ನಿಂತಲ್ಲಿಯೇ ನಿಂತಿತು.

ಒಂದು ಮಧ್ಯಾಹ್ನ ತಾತ, "ಎಲ್ಲಿ ಪುಟ್ಟಿ, ಅಕ್ಷರ ಹೇಳು" ಎಂದರು. ಮಗು, "ರ, ಗ, ಸ, ದ, ಅ" ಎಂದಿತು.

"ಇದ್ಯಾವ ಓದಮ್ಮ? ಕಾಲು ಮೇಲಾಗಿ ತಲೆ ಕೆಳಗಾಗೈತಲ್ಲ!" ಎಂದು ಅವರು ಸೊಸೆಯ ಕಡೆ ನೋಡಿದರು.

"ಮಾವ, ಸ್ಕೂಲ್ನಲ್ಲಿ ಈಗ ಹಿಂಗೇ ಹೇಳ್ಕೊಡೋದು. ನೀವು ಒಂದು ಹೇಳಿ ನಾನೊಂದು ಹೇಳಿದ್ರೆ ಅದೇನ್ ಮಾಡ್ತದೆ ಪಾಪ" ಎಂದು ಸೊಸೆ ತಲೆ ತಗ್ಗಿಸಿಯೇ ನುಡಿದಳು.

ಅಂದಿನಿಂದ ಮಗುವಿನ ಮಾತು ಕಡಿಮೆಯಾಯಿತು. ಯಾವ ಅಕ್ಷರವನ್ನು ಹೇಳಿದರೆ ಯಾರಿಗೆ ಸಿಟ್ಟು ಬರುವುದೋ ಎಂದು ಮುಖ ನೋಡಿ ಉತ್ತರ ಹೇಳತೊಡಗಿತು. ವಾರ ಕಳೆಯುವಷ್ಟರಲ್ಲಿ ಸ್ಲೇಟು ಕಾಣೆಯಾಯಿತು. ಮನೆಯೆಲ್ಲ ಹುಡುಕಿದ ಮೇಲೆ ರಾಗಿಯ ಗುಡಾಣದ ಹಿಂದೆ ಅದು ದೊರೆಯಿತು. ಬಚ್ಚಿಟ್ಟವರು ಯಾರೆಂದು ಯಾರೂ ಕೇಳಲಿಲ್ಲ.

ಇಲ್ಲಿ ತಪ್ಪು ಯಾರದು? ವರ್ಣಮಾಲೆಯದೂ ಅಲ್ಲ, ನಲಿ-ಕಲಿಯದೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡು ಮುಂದೆ ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯು ಕೈಗೆ ಎಟುಕುವ ಕೆಲವೇ ಅಕ್ಷರಗಳನ್ನು ಮೊದಲು ಕೊಟ್ಟು, ಅವುಗಳಿಂದ ಒಡನೆಯೇ ಪದಗಳನ್ನು ಕಟ್ಟಿಸುತ್ತದೆ. ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳನ್ನು ಬಲ್ಲ ಮಗು ಸರ, ದರ, ಅರಸ, ಅಗಸ, ಗರಗಸ ಎಂಬ ಮಾತುಗಳನ್ನು ತಾನಾಗಿ ಓದಬಲ್ಲದು. ನಲವತ್ತೊಂಬತ್ತೂ ಅಕ್ಷರಗಳು ಮುಗಿಯಲೆಂದು ಕಾಯಬೇಕಿಲ್ಲ. ವರ್ಣಮಾಲೆಯ ಮಹಿಮೆ ಬೇರೆ ಬಗೆಯದು. ಕ ಚ ಟ ತ ಪ ಎಂಬ ವರ್ಗಗಳು ಕಂಠದಿಂದ ಹೊರಟು ತಾಲು, ಮೂರ್ಧ, ದಂತಗಳನ್ನು ಹಾದು ತುಟಿಗೆ ಬಂದು ಮುಗಿಯುತ್ತವೆ. ಧ್ವನಿಯು ಹುಟ್ಟುವ ಸ್ಥಾನಗಳನ್ನು ಒಳಗಿನಿಂದ ಹೊರಕ್ಕೆ ಎಣಿಸಿಟ್ಟ ಈ ಶಾಸ್ತ್ರಸಮ್ಮತ ಕ್ರಮವನ್ನು ನಾಲಗೆಯ ಮೇಲಿರಿಸಿಕೊಂಡ ಮಗುವಿನ ಉಚ್ಚಾರವು ಮುಂದೆ ತಪ್ಪುವುದು ಕಷ್ಟ. ಒಂದು ಕೈಯ ಕ್ರಮ, ಇನ್ನೊಂದು ಬಾಯಿಯ ಕ್ರಮ. ಎರಡನ್ನೂ ಒಂದೇ ಸ್ಲೇಟಿನ ಮೇಲೆ ತಂದು ನಿಲ್ಲಿಸಿದ್ದೇ ಮನೆಯವರು ಮಾಡಿದ ತಪ್ಪು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಸರ್ಕಾರವು ವಿದ್ಯಾಗಮ ಎಂಬ ಯೋಜನೆಯನ್ನು ತಂದಾಗ ಉಪಾಧ್ಯಾಯರು ಮರದ ನೆರಳಿಗೂ ಗುಡಿಯ ಅಂಗಳಕ್ಕೂ ಬಂದು ಮಕ್ಕಳಿಗೆ ಪಾಠ ಹೇಳಿದರು. ತಾತ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದು ತಮ್ಮ ಆಕ್ಷೇಪವನ್ನು ಉಪಾಧ್ಯಾಯಿನಿಯ ಮುಂದಿಟ್ಟರು. ಆಕೆ ವಾದಕ್ಕೆ ಇಳಿಯಲಿಲ್ಲ. "ಬರೆಸೋದು ನಮ್ಮ ಪುಸ್ತಕದ ಥರ ಇರ್ಲಿ ಯಜಮಾನ್ರೇ, ಹೇಳಿಸೋದು ನಿಮ್ಮ ಥರಾನೇ ಇರ್ಲಿ" ಎಂದರು. ಅಕ್ಟೋಬರ್ ತಿಂಗಳಲ್ಲಿ ಆ ಯೋಜನೆಯೂ ನಿಂತಿತು. ಈ ಒಂದು ಮಾತು ಮಾತ್ರ ಆ ಮನೆಯಲ್ಲಿ ಉಳಿಯಿತು.

ಹೀಗೆ ಆರಿಸಿ ಕೂಡಿಸುವ ಕಷ್ಟವು ಇಂದಿನದಲ್ಲ. ಪಾವಗಡದ ಆಚೆಗಿರುವ ಅನಂತಪುರದ ಸೀಮೆಯು 1882ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಪಾಠಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲನು 1823ರಲ್ಲಿ ಉತ್ತರ ಬರೆದನು. ಜಿಲ್ಲೆಯಲ್ಲಿ 533 ಪಾಠಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡದ ಮಠಗಳು 235, ತೆಲುಗಿನವು 226. ರಾಮಾಯಣ, ಭಾರತ, ಭಾಗವತಗಳು ಎಲ್ಲರಿಗೂ ಸಮಾನವಾದ ಪಾಠ. ಇವುಗಳ ಜೊತೆಗೆ ಲಿಂಗಧಾರಿಗಳ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂದು ಆತನು ದಾಖಲಿಸಿದ್ದಾನೆ. ಸರ್ವರಿಗೂ ಸಲ್ಲುವುದೊಂದು, ತಮ್ಮ ಮನೆತನಕ್ಕೆ ಬೇಕಾದದ್ದೊಂದು ಎಂದು ಕೂಡಿಸಿ ಕಲಿಸುವ ವಿವೇಕ ನಮ್ಮ ಹಿರಿಯರಿಗೆ ಇದ್ದಿತು.

ಆದರೆ ಆ ವರದಿಯು ಹೊಗಳಿಕೆಯಷ್ಟೇ ಅಲ್ಲ. ಅಲ್ಪವೆಚ್ಚದಲ್ಲಿ ಬರೆಹ ಕಲಿಸುವ ಬಗೆಯನ್ನೂ, ಮುಂದುವರಿದ ಹುಡುಗರು ಹಿಂದಿನವರಿಗೆ ಪಾಠ ಹೇಳುವ ಪದ್ಧತಿಯನ್ನೂ ಕ್ಯಾಂಬೆಲನು ಮೆಚ್ಚಿದನು. ಈ ಪದ್ಧತಿಯು ಇಂಗ್ಲೆಂಡಿನಲ್ಲಿ ಅನುಕರಣೆಗೊಂಡದ್ದು ಯೋಗ್ಯವೇ ಎಂದನು. ಅದೇ ಕಾಲಕ್ಕೆ, ಮಕ್ಕಳು ಅಸಂಖ್ಯ ಪದ್ಯಗಳನ್ನು ಒಪ್ಪಿಸುತ್ತಾರಾದರೂ ಅವುಗಳ ಅರ್ಥ ಅವರಿಗೆ ತಿಳಿಯದೆಂದೂ, ಕಾವ್ಯದ ನುಡಿಗೂ ಮನೆಯ ನುಡಿಗೂ ದೂರವೆಂದೂ ಆಕ್ಷೇಪಿಸಿದನು. ಪರದೇಶದವನ ಮಾತೆಂದು ತಳ್ಳಿಹಾಕಬಹುದು. ಆದರೆ ಗಿಳಿಪಾಠವೆಂಬ ಮಾತು ನಮ್ಮ ನುಡಿಯಲ್ಲಿಯೇ ಇದೆಯಲ್ಲ!

ತೋವಿನಕೆರೆಯ ಆ ಮನೆಗೆ ಗಿಳಿಪಾಠದ ಅರಿವಾದದ್ದು ಬಸ್ಸಿನ ಬಳಿಯಲ್ಲಿ. ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಒಂದು ದಿನ ತಾತ ಮೊಮ್ಮಗಳನ್ನು ರಸ್ತೆಗೆ ಕರೆದೊಯ್ದು, ಬಸ್ಸಿನ ಹಲಗೆಯನ್ನು ತೋರಿಸಿ, "ಓದು ಮಗ" ಎಂದರು. ಆ ವೇಳೆಗೆ ವರ್ಣಮಾಲೆಯನ್ನೆಲ್ಲ ನಿಲ್ಲದೆ ಒಪ್ಪಿಸುತ್ತಿದ್ದ ಮಗು ಬಹಳ ಹೊತ್ತು ನೋಡಿ, "ತಾತ, ನ ಐತೆ!" ಎಂದಿತು. ಮುಂದೆ ಮಾತಿಲ್ಲ. ತಾತ ಹಲಗೆಯನ್ನು ಮತ್ತೊಮ್ಮೆ ದಿಟ್ಟಿಸಿದರು. ತೋವಿನಕೆರೆ ಎಂಬ ಐದು ಅಕ್ಷರಗಳಲ್ಲಿ ತಲಕಟ್ಟಿನಿಂದ ಕೂಡಿ ವರ್ಣಮಾಲೆಯಲ್ಲಿರುವಂತೆಯೇ ಇರುವುದು ನಕಾರವೊಂದೇ. ಉಳಿದ ನಾಲ್ಕೂ ಕಾಗುಣಿತದವು. ಮಗು ತಾನು ಬಲ್ಲದ್ದನ್ನು ಸರಿಯಾಗಿಯೇ ಓದಿತ್ತು. ಹುಟ್ಟಿದ ಊರಿನ ಹೆಸರನ್ನು ಓದಲಾಗದ ವಿದ್ಯೆಯನ್ನು ಇಷ್ಟು ದಿನ ಕಂಠಪಾಠ ಮಾಡಿಸಿದೆನಲ್ಲ ಎಂದು ಆ ಹಿರಿಯರು ದಾರಿಯುದ್ದಕ್ಕೂ ನೊಂದುಕೊಂಡರು.

ಮರುದಿನದಿಂದ ಪಾಠದ ಕ್ರಮ ಬದಲಾಯಿತು. ಶಾಲೆಗೆ ಮರಳಬೇಕಾದ ಮಗುವಾದುದರಿಂದ ಓದುಬರೆಹಗಳಿಗೆ ನಲಿ-ಕಲಿಯ ಕ್ರಮವೇ ಕಾಂಡವಾಯಿತು, ಉಳಿದವು ಕೊಂಬೆಗಳಾದವು. ಬೆಳಗಿನ ಒಂದು ಗಂಟೆ ತಾಯಿಯದು; ಆ ಹೊತ್ತಿನಲ್ಲಿ ತಾತ ಬಾಯಿ ಹಾಕುವಂತಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ತಾತನ ಪಾಠ. ಅದಕ್ಕೆ ಸ್ಲೇಟಿಲ್ಲ, ಬಳಪವಿಲ್ಲ. ವರ್ಣಮಾಲೆ, ಮಾಸಗಳು, ನಕ್ಷತ್ರಗಳು, ವಾರಕ್ಕೊಂದು ವಚನ. ವಚನವನ್ನು ಹೇಳಿಸಿದ ಮೇಲೆ ಅದರ ಭಾವವನ್ನು ಮಗುವೇ ತನ್ನ ಮಾತಿನಲ್ಲಿ ಅಜ್ಜಿಗೆ ತಿಳಿಸಬೇಕು. ಅಜ್ಜಿಗೆ ಅರ್ಥವಾಗದಿದ್ದರೆ ಮುಂದಿನ ವಚನವಿಲ್ಲ. ಸೋದರಮಾವನ ಪುಸ್ತಕದಲ್ಲಿ ಬರೆಯುವ ಪುಟಗಳನ್ನು ಬಿಟ್ಟು ಚಿತ್ರಗಳನ್ನಷ್ಟೇ ಉಳಿಸಿಕೊಂಡರು. ಕಾಗುಣಿತವನ್ನು ಊರುಗಳ ಹೆಸರುಗಳಿಂದ ಕಲಿಸಿದರು. ಕೊರಟಗೆರೆಯಲ್ಲಿ ರಕಾರ ಟಕಾರಗಳು ಸುಲಭ. ಮಧುಗಿರಿಯಲ್ಲಿ ಮಕಾರವೊಂದೇ ಸುಲಭ. ತುಮಕೂರಿನಲ್ಲಿ ಕೊಂಬೂ ಇದೆ, ಅದರ ದೀರ್ಘವೂ ಇದೆ.

ಮಗ್ಗಿಯ ವಿಷಯದಲ್ಲಿ ಗುರುವಾದವನು ಪಕ್ಕದ ಮನೆಯ ಹುಡುಗ. ಅವನ ತಂದೆತಾಯಿಗಳು ಕೂಲಿಗೆ ಹೋಗುವವರು. ಮನೆಯಲ್ಲಿ ಓದು ಬಲ್ಲವರಿಲ್ಲ. ಮೂರನೆಯ ತರಗತಿಗೆ ಬರಬೇಕಾಗಿದ್ದ ಅವನು ಕಲಿತ ಅಕ್ಷರಗಳನ್ನೇ ಮರೆಯುತ್ತ ಬಂದಿದ್ದನು. ಹುಣಸೆಹಣ್ಣು ಬಿಡಿಸುವ ಕೆಲಸಕ್ಕೆ ತಾಯಿಯೊಡನೆ ಹೋಗುತ್ತಿದ್ದುದರಿಂದ ಬೀಜವನ್ನು ಎಣಿಸಿ ಪಾಲು ಹಾಕುವುದರಲ್ಲಿ ಮಾತ್ರ ನಿಪುಣ. ಒಂದು ದಿನ ಜಗುಲಿಯ ಮೇಲೆ ಮಗು ಆರರ ಮಗ್ಗಿಯನ್ನು ರಾಗವಾಗಿ ಹೇಳುತ್ತಿತ್ತು. ತಾತ ಇಪ್ಪತ್ತನಾಲ್ಕು ಹುಣಸೆಬೀಜಗಳನ್ನು ಮುಂದಿಟ್ಟು ನಾಲ್ವರಿಗೆ ಹಂಚಲು ಹೇಳಿದಾಗ ಮಗು ಕಕ್ಕಾಬಿಕ್ಕಿಯಾಯಿತು. ಕೆಳಗೆ ನಿಂತಿದ್ದ ಹುಡುಗ, "ಆರಾರು ಬತ್ತವೆ ತಾತ" ಎಂದನು. ಮಗ್ಗಿಯನ್ನು ಬಲ್ಲ ಮಗುವಿಗೆ ಲೆಕ್ಕ ಬರಲಿಲ್ಲ. ಲೆಕ್ಕ ಬಲ್ಲ ಹುಡುಗನಿಗೆ ಮಗ್ಗಿ ಬರುತ್ತಿರಲಿಲ್ಲ. ತಾತ ಅವನನ್ನು ಜಗುಲಿಗೆ ಹತ್ತಿಸಿಕೊಂಡರು. ಅಂದಿನಿಂದ ಅವನು ಬೀಜ ಹಂಚಿಸುವನು, ಅವಳು ಅಕ್ಷರ ತೋರಿಸುವಳು. ತನಗಿಂತ ಕಿರಿಯಳಿಂದ ಕಲಿಯುವ ನಾಚಿಕೆ ಅವನಿಗೆ ಮೊದಮೊದಲು ಇತ್ತು. ಅವಳಿಗೆ ತಾನೂ ಕಲಿಸುತ್ತಿರುವೆನೆಂದು ತಿಳಿದ ಮೇಲೆ ಅದು ಹೋಯಿತು.

ಎಲ್ಲವೂ ಸಾಧಿತವಾಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಶಾಲೆ ತೆರೆದ ದಿನ ಇಬ್ಬರೂ ಕೂಡಿಯೇ ಹೋದರು. ಒತ್ತಕ್ಷರ ಬಂದಲ್ಲಿ ಹುಡುಗಿ ಎಡವುತ್ತಿದ್ದಳು. ಓದುವಾಗ ಹುಡುಗನ ಬೆರಳು ಸಾಲನ್ನು ಬಿಟ್ಟು ಏಳುತ್ತಿರಲಿಲ್ಲ. ಅದೇ ಬೀದಿಯಲ್ಲಿ ಯಾರ ಜಗುಲಿಯೂ ದೊರೆಯದ ಮಕ್ಕಳೂ ಇದ್ದರು. ಅವರ ಪಾಲಿಗೆ ಆ ಹತ್ತೊಂಬತ್ತು ತಿಂಗಳು ಬರಿದಾಗಿಯೇ ಕಳೆದವು. ಓದುಬಲ್ಲ ತಾಯಿ, ಬಿಡುವುಳ್ಳ ತಾತ, ಕಿವಿಗೊಟ್ಟು ಕೇಳುವ ಅಜ್ಜಿ ಇರುವ ಮನೆಗೆ ಪಠ್ಯವನ್ನು ಆರಿಸುವ ಚಿಂತೆ. ಇವರು ಯಾರೂ ಇಲ್ಲದ ಮನೆಗೆ ಆರಿಸಲು ಇರುವುದಾದರೂ ಏನು? ಬಡವರ ಮಕ್ಕಳಿಗೆ ಅನ್ನದೊಡನೆ ಅಕ್ಷರವನ್ನೂ ಇಕ್ಕುವ ಮಠದ ಶಾಲೆಗಳು ಇನ್ನೂ ಏಕೆ ಬೇಕೆಂಬುದಕ್ಕೆ ಆ ಬೀದಿಯೇ ಉತ್ತರ ಹೇಳುತ್ತದೆ.

ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು ಮೂರು ವಿಷಯಗಳನ್ನು ನೆನೆದರೆ ಸಾಕು. ಪುಸ್ತಕಗಳು ಎಷ್ಟೇ ಇರಲಿ, ಒಂದು ಕಾಂಡವಾಗಿರಲಿ. ಬಾಯಿಗೆ ಒಂದು ಹೊತ್ತು, ಕೈಗೆ ಒಂದು ಹೊತ್ತು ಬೇರೆಯಾಗಿರಲಿ. ಕಲಿತದ್ದನ್ನು ಮಗು ಮನೆಯ ಹೊರಗಿನ ಒಂದು ಹಲಗೆಯ ಮೇಲೆ, ಒಂದು ಹಿಡಿ ಬೀಜದಲ್ಲಿ ಗುರುತಿಸಿತೇ ಎಂದು ನೋಡುವ ಕಣ್ಣು ಹಿರಿಯರಿಗಿರಲಿ. ತೋವಿನಕೆರೆಯ ಆ ಜಗುಲಿಯಲ್ಲಿ ಸಂಜೆಯ ಪಾಠ ಶಾಲೆ ತೆರೆದ ಮೇಲೆಯೂ ನಿಲ್ಲಲಿಲ್ಲ. ಕೂರುವ ಮಕ್ಕಳು ಇಬ್ಬರಿದ್ದದ್ದು ಐವರಾದರು. ಹುಣಸೆಬೀಜದ ಡಬ್ಬಿಯನ್ನು ಕಾಯುವ ಹೊಣೆ ಇಂದಿಗೂ ಆ ಹುಡುಗನದೇ.