ಬೀದರ್‌ನಲ್ಲಿ ಎರಡು ದಿನ: ಕೃಷ್ಣಮೃಗ, ಸುರಂಗ ಬಾವಿ, ನಿಶ್ಚಿಂತೆಯ ಊಟ

ಹೋದ ವರ್ಷ ಆಫೀಸಿನಿಂದ ಮಲೆನಾಡಿಗೆ ಟ್ರಿಪ್ ಹೋಗಿದ್ವಿ. ಕಾಡು, ಮಂಜು, ಕ್ಯಾಂಪ್ ಫೈರ್ ಎಲ್ಲ ಇತ್ತು. ನನ್ನ ಪಕ್ಕದ ಸೀಟಿನ ಗೆಳತಿ ಮಾತ್ರ ಎರಡೂ ದಿನ ಬಾಳೆಹಣ್ಣು, ಮೊಸರನ್ನ ತಿಂದಳು. ಅವಳು ಮಂಗಳೂರಿನ ಬ್ಯಾರಿ ಹುಡುಗಿ. ಮಾಂಸ ಹಲಾಲಾ ಅಂತ ಅಡುಗೆಮನೆಯಲ್ಲಿ ಕೇಳಿದರೆ ಒಬ್ಬ ಹೌದು ಅಂದ, ಇನ್ನೊಬ್ಬ ಗೊತ್ತಿಲ್ಲ ಅಂದ. ಎರಡನೇ ಹೊತ್ತಿಗೆ ಅವಳು ಕೇಳೋದನ್ನೇ ಬಿಟ್ಟಳು. "ಹಸಿವಿಲ್ಲ" ಅಂದಳು. ನಾವೂ ನಂಬಿದ ಹಾಗೆ ಮಾಡಿದ್ವಿ.

ಈ ಚಳಿಗಾಲದಲ್ಲಿ ಅವಳು, "ಉಮ್ಮನನ್ನ ಎಲ್ಲಾದ್ರೂ ಕರ್ಕೊಂಡು ಹೋಗ್ಬೇಕು, ಆದ್ರೆ ಅವರು ಹೊರಗೆ ಬರೋದೇ ಇಲ್ಲ" ಅಂದಳು. ಬ್ಯಾರಿಗಳಲ್ಲಿ ಉಮ್ಮ ಅಂದರೆ ತಾಯಿ. ಕಾರಣ ಕೇಳಿದೆ. ಊಟ. "ನಮ್ಮಿಂದ ಇನ್ನೊಬ್ಬರಿಗೆ ಉಪದ್ರ ಬೇಡ" ಅನ್ನೋದು ಉಮ್ಮನ ಮಾತಂತೆ. ನನಗೆ ಮೊಸರನ್ನ ನೆನಪಾಯಿತು. "ನಮ್ಮ ಬೀದರಿಗೆ ಬರ್ರಿ" ಅಂದೆ.

ನನ್ನೂರು ಔರಾದ ಕಡೆಯ ಡಾಬಕಾ. ಬೀದರ್ ಅಂದರೆ ಜನಕ್ಕೆ ಕೋಟೆ ಮತ್ತು ಬಿಸಿಲು. ಹಸಿರು, ನೀರು, ಗಾಳಿ ಅಂತ ಯಾರೂ ಇಲ್ಲಿಗೆ ರಜೆಗೆ ಬರಲ್ಲ. ನವೆಂಬರಿನಿಂದ ಜನವರಿ ಒಳಗೆ ಬಂದು ನೋಡಿ, ಸ್ವೆಟರ್ ತರೋದು ಮರೀಬೇಡಿ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬೀದರ್. ಯಶವಂತಪುರದಿಂದ ರೈಲೂ ಇದೆ. ಹೈದರಾಬಾದಿನಲ್ಲಿ ಇರೋರಿಗೆ ರಸ್ತೆಯಲ್ಲಿ ಮೂರು ತಾಸಿನ ದಾರಿ ಅಷ್ಟೇ.

ಎಳ್ಳಮಾಸಿಗೇ ಬರ್ರಿ ಅಂತ ಮೊದಲು ಕರೆದಿದ್ದೆ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿ ಊಟಕ್ಕೆ ಕೂತಿರುತ್ತದೆ. ಗೆಳತಿ ಸ್ವಲ್ಪ ಯೋಚಿಸಿ, "ಅದು ನೈವೇದ್ಯದ ಊಟ ಅಲ್ವಾ? ಉಮ್ಮ ತಿನ್ನಲ್ಲ, ಬೇಡ ಅನ್ನೋಕೂ ಅವರಿಗೆ ಸಂಕೋಚ. ಮುಂದಿನ ವಾರ ಬರ್ತೀವಿ" ಅಂದಳು. ಇದು ನನಗೆ ಹೊಳೆದೇ ಇರಲಿಲ್ಲ. ಹಲಾಲ್ ಅಂದರೆ ಕೋಳಿ, ಕುರಿ ಕೊಯ್ಯೋ ರೀತಿ ಅಂತಷ್ಟೇ ತಿಳಿದಿದ್ದೆ. ಹಂದಿ, ಮದ್ಯ ಬೇಡ, ಮದ್ಯ ಹಾಕುವ ಜಾಗದಲ್ಲಿ ಕೂತು ಉಣ್ಣೋದು ಬೇಡ, ದೇವರಿಗೆ ಎಡೆ ಹಿಡಿದದ್ದು ಅನೇಕರಿಗೆ ಬೇಡ. ಮನೆಯಿಂದ ಮನೆಗೆ ಇದರಲ್ಲೂ ವ್ಯತ್ಯಾಸ ಇರುತ್ತದೆ. ಮುಂಚೆ ಕೇಳಿಕೊಂಡರೆ ಆಮೇಲೆ ತಟ್ಟೆ ಮುಂದೆ ಇಟ್ಟುಕೊಂಡು ಒದ್ದಾಡೋದು ತಪ್ಪುತ್ತದೆ.

ಶನಿವಾರ ಬೆಳಿಗ್ಗೆ ಬ್ಯಾಗು ಇಟ್ಟು ಸೀದಾ ಹಳೇ ಊರಿಗೆ ಹೋದ್ವಿ. ಚೌಬಾರಾ ಗೋಪುರದ ಸುತ್ತಮುತ್ತ ಸಣ್ಣ ಸಣ್ಣ ಹೋಟೆಲುಗಳು. ಒಂದರಲ್ಲಿ ಕೂತು ಗೆಳತಿ ಅಭ್ಯಾಸಬಲದಿಂದ "ಹಲಾಲ್ ಇದೆಯಾ?" ಅಂದಳು. ಮಾಣಿ ನಗಾಡಿಬಿಟ್ಟ. "ಇಲ್ಲಿ ಮತ್ತೇನ್ ಇರ್ತದ್ರಿ ಅಕ್ಕಾ?" ಅಂದ. ಉಮ್ಮನ ಕಡೆ ತಿರುಗಿ ದಖನಿ ಉರ್ದುವಿನಲ್ಲಿ ಪಟಪಟ ಪಟ್ಟಿ ಹೇಳಿದ. ಬುರ್ಖಾ ನೋಡಿ ಉರ್ದು ಬರುತ್ತದೆ ಅಂದುಕೊಂಡಿದ್ದ. ಉಮ್ಮನಿಗೆ ಬ್ಯಾರಿ, ತುಳು, ಮಂಗಳೂರು ಕನ್ನಡ ಬಿಟ್ಟರೆ ಬೇರೆ ಬರಲ್ಲ. "ಎಂತ ಹೇಳುವುದು ಇವರು?" ಅಂತ ನನ್ನ ಮುಖ ನೋಡಿದರು. ಎರಡು ದಿನ ಉಮ್ಮನಿಗೆ ದಖನಿ ಅನುವಾದ ಮಾಡಿದ್ದು ಲಿಂಗಾಯತರ ಮನೆಯ ನಾನು.

ಅವರಿಬ್ಬರೂ ಖಿಚಡಿ, ಖೀಮಾ, ಖಟ್ಟಾ ತರಿಸಿಕೊಂಡರು. ಖಟ್ಟಾ ಅಂದರೆ ಹುಣಸೆಹಣ್ಣು, ಎಳ್ಳು ಹಾಕಿದ ಹುಳಿ ಸಾರಿನಂಥದ್ದು. ಆಮೇಲೆ ನನ್ನ ಸರದಿ. ಖಿಚಡಿಯ ಪಾತ್ರೆ ಬೇರೆಯಾ, ಅದೇ ಸೌಟು ಹಾಕ್ತೀರಾ, ದಾಲ್ಚಾ ಇದೆಯಲ್ಲ ಅದು ಬರೀ ಬೇಳೆಯಾ? "ದಾಲ್ಚಾದಾಗ ಗೋಷ್ತ್ ಇರ್ತದ್ರಿ" ಅಂದ ಮಾಣಿ. ಮೂರನೇ ಪ್ರಶ್ನೆಗೆ ಅವನ ಮುಖದಲ್ಲಿ ಬೇಸರ ಕಂಡಿತು. ನನಗೆ ಹಸಿವಿಲ್ಲ ಅಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಗೆಳತಿ ಎದ್ದು ಒಳಗೆ ಹೋಗಿ ಅಡುಗೆಯವರ ಹತ್ತಿರ ಮಾತಾಡಿ, ಬೇರೆ ಚಮಚದಲ್ಲಿ ಬಡಿಸಿದ ಖಿಚಡಿ ತಂದಿಟ್ಟಳು. ನಾನು ಮಲೆನಾಡಿನಲ್ಲಿ ಹಾಗೆ ಎದ್ದು ಹೋಗಿರಲಿಲ್ಲ.

ಹಳೇ ಊರಿನಲ್ಲಿ ಬೆಳಿಗ್ಗೆ ನಿಹಾರಿ, ಪಾಯಾ, ಮಧ್ಯಾಹ್ನ ಬಿರಿಯಾನಿ, ತಹರಿ, ಸಂಜೆ ಇರಾನಿ ಚಹಾ ಸಿಗುತ್ತದೆ. ಆದರೆ ಹೆದ್ದಾರಿ ಬದಿಯ ಹೊಸ ರೆಸ್ಟೋರೆಂಟುಗಳಲ್ಲಿ ಕೇಳಿಕೊಂಡೇ ಕೂಡಿ. ಬಾರ್ ಜೊತೆಗಿರುವವೂ ಇವೆ. ನನ್ನಂಥವರಿಗೆ ಜೋಳದ ರೊಟ್ಟಿಯ ಖಾನಾವಳಿಗಳಿವೆ, ಅಲ್ಲಿ ಎಲ್ಲರೂ ಉಣ್ಣಬಹುದು.

ಈಗ ನೀರಿನ ವಿಷಯ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ಮೇಲೆ. ಈ ಕಲ್ಲು ತೂತು ತೂತು, ಮಳೆ ನೀರನ್ನ ಕುಡಿದುಬಿಡುತ್ತದೆ. ಅದರ ಕೆಳಗಿನ ಕರಿಕಲ್ಲು ನೀರು ಇಳಿಯೋಕೆ ಬಿಡಲ್ಲ. ಹಾಗಾಗಿ ಎರಡೂ ಕೂಡುವ ಅಂಚಿನಲ್ಲಿ ಝರಿ. ನಾನಕ್ ಝೀರಾ ಗುರುದ್ವಾರದ ಝರಿ, ನರಸಿಂಹ ಝರಣಿ, ಪಾಪನಾಶದ ಕೆರೆ, ಎಲ್ಲವೂ ಊರಿನ ಸುತ್ತಲೇ. ನೌಬಾದಿನ ಸುರಂಗ ಬಾವಿ ಇದೇ ನೀರನ್ನ ನಂಬಿ ತೋಡಿದ್ದು. ಪರ್ಶಿಯಾದ ಕರೇಜ್ ತಂತ್ರ: ನೆಲದೊಳಗೆ ಸ್ವಲ್ಪವೇ ಇಳಿಜಾರಾದ ಕಾಲುವೆ, ಅಲ್ಲಲ್ಲಿ ಮೇಲಿನಿಂದ ಗಾಳಿ ಬೆಳಕಿಗೆ ಬಾವಿ. ಪಂಪು ಇಲ್ಲ, ಕರೆಂಟು ಇಲ್ಲ. 15ನೇ ಶತಮಾನದಲ್ಲಿ ಬಹಮನಿ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನ ಇಲ್ಲಿಗೆ ತಂದದ್ದು ಯಾಕೆ ಅನ್ನೋದಕ್ಕೆ ನನಗೆ ಈ ನೀರು, ಈ ಗಾಳಿಯೇ ಸಾಕು. ಗುರುದ್ವಾರದಲ್ಲಿ ಉಮ್ಮ ಝರಿಯ ನೀರು ಕುಡಿದರು. ಲಂಗರಿಗೆ ಕೂಡ್ತೀರಾ ಅಂತ ನಾನು ಒತ್ತಾಯ ಮಾಡಲಿಲ್ಲ.

ಕೋಟೆ, 1472ರ ಮಹಮೂದ್ ಗಾವಾನ್ ಮದರಸಾ ನೋಡಲೇಬೇಕು, ಆದರೆ ಅವುಗಳ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ಸಂಜೆಗೆ ಅಷ್ಟೂರಿಗೆ ಹೋಗಿ. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್. ಬಹಮನಿ ಅರಸರ ಗುಮ್ಮಟಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ಸಿಡಿಲು ಬಡಿದು ಹುಮಾಯೂನನ ಗುಮ್ಮಟ ಅರ್ಧ ಸೀಳಿದೆ, ಒಳಗಿನ ಗೋಡೆಯ ದಪ್ಪ ಕಾಣುತ್ತದೆ. ಹೋಗಿ ಸುಮ್ಮನೆ ಕೂಡಬೇಕು ಅಷ್ಟೇ, ಗಿಳಿಗಳ ಗಲಾಟೆ ಬಿಟ್ಟರೆ ಸದ್ದಿಲ್ಲ. ಅಹ್ಮದ್ ಶಾ ವಲಿಯ ಗುಮ್ಮಟದ ಉರುಸನ್ನ ವರ್ಷವೂ ಮಾಡ್ಯಾಳದ ಜಂಗಮರು ಬಂದು ನಡೆಸಿಕೊಡ್ತಾರೆ. ನಮ್ಮಜ್ಜಿ ಅವನನ್ನ ಅಲ್ಲಮಪ್ರಭು ಅಂತಲೇ ನಂಬಿದ್ದಳು. ಅದೇ ಅಜ್ಜಿ ನಮ್ಮ ಮನೆಗೆ ಬರುವ ದರ್ಜಿ ಕಾಕಾಗೆ ಚಹಾ ಕೊಡೋಕೆ ಕಟ್ಟೆಯ ಮಾಡದಲ್ಲಿ ಬೇರೆ ಲೋಟ ಇಟ್ಟಿದ್ದಳು. ಇದನ್ನ ಗೆಳತಿಗೆ ಹೇಳಬೇಕೋ ಬೇಡವೋ ಅಂತ ಅಲ್ಲಿ ಕೂತು ಯೋಚಿಸಿದೆ. ಹೇಳಲಿಲ್ಲ.

ಭಾನುವಾರ ನಸುಕಿನಲ್ಲಿ ವಿಲಾಸಪುರ ಕೆರೆ ಕಡೆ ಹೋದ್ವಿ. ಜೋಳದ ಹೊಲದ ಅಂಚಿನಲ್ಲಿ ಕೃಷ್ಣಮೃಗಗಳು. ಸುರುಳಿ ಕೊಂಬಿನ ಕಪ್ಪು ಗಂಡು ಒಂದು ನಮ್ಮನ್ನೇ ನೋಡುತ್ತಾ ನಿಂತಿತ್ತು. ಆಮೇಲೆ ಇಡೀ ಹಿಂಡು ಒಂದೊಂದಾಗಿ ಚಂಗನೆ ನೆಗೆದು ದಾರಿ ದಾಟಿತು. ವಾಹನ ದೂರ ನಿಲ್ಲಿಸಿ, ಹೊಲದೊಳಗೆ ಇಳೀಬೇಡಿ. ಅಪ್ಪನಿಗೆ ಫೋಟೋ ಕಳಿಸಿದೆ. "ನಿಮಗ ಫೋಟೋ, ರೈತರಿಗಿ ಬೆಳಿ ನಾಶ" ಅಂತ ಉತ್ತರ ಬಂತು.

ಸಮಯ ಇರೋರು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಗೆ ಹೋಗಿ ಕಾರಂಜಾ ಜಲಾಶಯ ನೋಡಬಹುದು. ನಾವು ಔರಾದ ದಾರಿ ಹಿಡಿದ್ವಿ. ಕೌಠಾದಲ್ಲಿ ಮಾಂಜ್ರಾ ನದಿ ದಾಟುವಾಗ ಗಾಡಿ ನಿಲ್ಲಿಸಿ ಹತ್ತು ನಿಮಿಷ ನೀರು ನೋಡಿದ್ವಿ. ಅಲ್ಲಿಂದ ಮುಂದೆ ಎರೆ ಹೊಲ, ಕಾಯಿ ಕಟ್ಟಿದ ತೊಗರಿ, ಕಡಲೆ.

ಡಾಬಕಾದಲ್ಲಿ ಅವ್ವ ಮೂರು ದಿನದಿಂದ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅವರು ನಮ್ಮನ್ಯಾಗ ಉಣ್ತಾರೇನ?" ಅಲ್ಲಿ ಉಮ್ಮ ಮಗಳನ್ನ ಕೇಳುತ್ತಿದ್ದದ್ದೂ ಅದೇ ಥರ: "ಅವರಿಗೆ ನಾವು ಬಂದರೆ ತೊಂದರೆ ಇಲ್ಲವಾ?" ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬರಲ್ಲ. ಜೋಳದ ರೊಟ್ಟಿ, ಹಸಿ ಕಾಳು ಸೊಪ್ಪು ಕೂಡಿಸಿದ ಭಜ್ಜಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಉಮ್ಮನಿಗೆ ಕೇಳುವಂಥದ್ದು ಏನೂ ಇರಲಿಲ್ಲ. ಊಟಕ್ಕೆ ಮುಂಚೆ ನಮಾಜಿನ ಹೊತ್ತಾಯಿತು. ಅವ್ವ ಪಡಸಾಲೆ ಗುಡಿಸಿ, ಒಗೆದ ಕೌದಿ ಹಾಸಿ, "ಪಡುವಣ ಈ ಕಡಿ ಅದರಿ ಅಕ್ಕಾ" ಅಂತ ತೋರಿಸಿದಳು. ಅವಳಿಗೆ ಅದು ಗೊತ್ತಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ.

ಊಟ ಆದ ಮೇಲೆ ಚಹಾ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅವ್ವನ ಕೈಯನ್ನೇ ನೋಡುತ್ತಿದ್ದೆ. ದೀಪಾವಳಿಗೆ ತಂದ ಗಾಜಿನ ಕಪ್ಪು ಐದೂ ಇಳಿಸಿ ತೊಳೆದಳು. "ಏನ್ ನೋಡ್ತಿ, ತಗೊಂಡ್ ಹೋಗು" ಅಂದಳು.

ಸಂಜೆ ಬೀದರಿನಿಂದ ಬಸ್ಸು. ರಾತ್ರಿ ಊಟಕ್ಕೆ ಯಾವುದೋ ಢಾಬಾ ಮುಂದೆ ಅರ್ಧ ತಾಸು ನಿಂತಿತು. ನಾವು ಮೂವರೂ ಇಳಿಯಲಿಲ್ಲ. ಉಮ್ಮ ಸೀಟಿನ ಕೆಳಗಿಂದ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ತೆಗೆದು ಬಿಚ್ಚಿದರು. "ಹಿಂಡಿ ಸ್ವಲ್ಪವೇ ಉಂಟು, ನನಗೆ ಜಾಸ್ತಿ ಬೇಕು" ಅಂದರು.