ರಾಗಿಗುಡ್ಡದ ಕೆಳಗೆ ಹಾಜರಿ ಲೆಕ್ಕ

ಬೆಂಗಳೂರಿನ ಜಯನಗರ ಒಂಬತ್ತನೇ ಬ್ಲಾಕಿನ ರಾಗಿಗುಡ್ಡಕ್ಕೊಂದು ಸ್ಥಳಪುರಾಣವಿದೆ. ಪಾಳೇಗಾರನ ಸೊಸೆ ಸುಧರ್ಮ ಎಂಬಾಕೆ ರಾಗಿಯ ರಾಶಿಯಿಂದ ಒಂದು ಪಾಲನ್ನು ದಾನಕ್ಕೆಂದು ತೆಗೆದಿಟ್ಟಳಂತೆ. ಅತ್ತೆ ಅಡ್ಡ ಬಂದಳು. ನೊಂದ ಸೊಸೆಯ ಪ್ರಾರ್ಥನೆಗೆ ರಾಶಿಯೇ ಕಲ್ಲಾಯಿತಂತೆ. ಭೂಗರ್ಭಶಾಸ್ತ್ರ ಕೇಳಿದರೆ ಈ ಸೀಮೆಯ ಬಂಡೆಗಳ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ಹಾಗಿರಲಿ, ಕೊಡುವ ಕೈ, ತಡೆಯುವ ಕೈ ಎರಡೂ ಇರುವ ಈ ಕಥೆ ಗುಡ್ಡದ ಬುಡದ ಬದುಕಿಗೆ ಚೆನ್ನಾಗಿ ಹೊಂದುತ್ತದೆ.

ಮೇಲೆ ಆಂಜನೇಯನ ಗುಡಿ. ಕೆಳಗೆ ಕೊಳಗೇರಿಯ ಗುಡಿಸಲುಗಳ ಜಾಗದಲ್ಲಿ ಎದ್ದ ಬಹುಮಹಡಿ ಮನೆಗಳು. ಪಕ್ಕದಲ್ಲೇ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ. ಬೆಳಕು ಹರಿಯುತ್ತಲೇ ಇಲ್ಲಿನ ಹೆಂಗಸರು ಜಯನಗರ, ಜೆ.ಪಿ. ನಗರದ ಮನೆಗಳಿಗೆ ಕಸಮುಸುರೆಗೆಂದು ಹೊರಡುತ್ತಾರೆ. ಆ ಹೊತ್ತಿಗೆ ಮನೆಯಲ್ಲಿ ತೊಟ್ಟಿಲ ಕೂಸಿದ್ದರೆ ಶಾಲೆ ತಪ್ಪುವುದು ಯಾರಿಗೆ? ದೊಡ್ಡ ಹುಡುಗಿಗೆ.

ಇಂಥ ಮನೆಗಳಿಗೆ ಸರ್ಕಾರ ಹಾಜರಿಯ ಮೂಲಕ ಕೈ ನೀಡಿದ್ದು ಹೊಸದೇನಲ್ಲ. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ. ಹಾಜರಿ ಮಾತ್ರ ನೂರಕ್ಕೆ 80 ಇರಬೇಕು. ತಿಂಗಳಲ್ಲಿ 25 ದಿನ ಶಾಲೆ ನಡೆದರೆ 20 ದಿನ ಬಂದವನಿಗೆ ಅಕ್ಕಿ, 19 ದಿನ ಬಂದವನಿಗೆ ಬರಿಗೈ. ಆ ಒಂದು ದಿನ ಜ್ವರ ಬಂದಿತ್ತೋ, ತಮ್ಮನನ್ನು ನೋಡಿಕೊಳ್ಳಬೇಕಿತ್ತೋ, ಹಾಜರಿ ಪುಸ್ತಕಕ್ಕೆ ಅದರ ಗೊಡವೆಯಿಲ್ಲ. ಅದೇ ಕೊನೆಯ ಬೆಂಚಿನ ಹುಡುಗನ ಅಕ್ಕಿ ತಪ್ಪಿಸಬೇಕಾದ ಮೇಷ್ಟರ ಪೇಚಾಟ ಯಾವ ಸುತ್ತೋಲೆಯಲ್ಲೂ ಬರುವಂಥದಲ್ಲ. ಬಿಸಿಯೂಟ ಬಂದ ಮೇಲೆ ಈ ತೊಡಕು ಕಳೆಯಿತು. ಬಂದ ದಿನ ಊಟ, ಅಷ್ಟೆ. ಬೆಂಗಳೂರಿನಲ್ಲಿ ಅಕ್ಷಯ ಪಾತ್ರೆ 2000ದಲ್ಲಿ 5 ಶಾಲೆಗಳ 1,500 ಮಕ್ಕಳೊಂದಿಗೆ ಶುರುವಾಯಿತು. ಮೆಕ್ಸಿಕೊ ದೇಶ 1997ರಲ್ಲಿ ಬೇರೆ ದಾರಿ ಹಿಡಿದು, ಮಕ್ಕಳು ಶಾಲೆಗೆ ಬಂದರೆ ತಾಯಂದಿರ ಕೈಗೇ ಹಣ ಕೊಟ್ಟಿತು.

ಕರ್ನಾಟಕದ ಭಾಗ್ಯಲಕ್ಷ್ಮಿ ಯೋಜನೆ 2006-07ರಲ್ಲಿ ಬಂತು. ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಠೇವಣಿ. ಮೊದಲು 10,000 ರೂ., ಮುಂದೆ ಹೆಚ್ಚಾಯಿತು. ಷರತ್ತುಗಳೂ ಇದ್ದವು: ಲಸಿಕೆ ಹಾಕಿಸಬೇಕು, ಎಂಟನೇ ತರಗತಿವರೆಗಾದರೂ ಓದಿಸಬೇಕು, ದುಡಿಮೆಗೆ ಕಳಿಸಬಾರದು, 18 ತುಂಬುವ ಮುನ್ನ ಮದುವೆ ಕೂಡದು. ಬಾಂಡು ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಭದ್ರ. ಆದರೆ ಹಣ ಕೈಸೇರುವುದು 18ಕ್ಕೆ. ಬಾಡಿಗೆ ಕೊಡಬೇಕಾದ್ದು ಬರುವ ಒಂದನೇ ತಾರೀಕಿಗೆ. ಏಳನೇ ತರಗತಿಯ ಹುಡುಗಿಯನ್ನು ಮನೆಗೆಲಸಕ್ಕೆ ಕರೆಯುವವರು ಹಣವನ್ನು ಆ ತಿಂಗಳೇ ಕೊಡುತ್ತಾರೆ. ಐದಾರು ವರ್ಷ ದೂರದ ಹಣ ಇದರೊಡನೆ ಪೈಪೋಟಿ ಮಾಡುವುದು ಕಷ್ಟ. ಈ ಯೋಜನೆಯ ಹೆಣ್ಣುಮಕ್ಕಳ ಮೊದಲ ತಂಡಕ್ಕೆ 18 ತುಂಬಿದ್ದು 2024ರಲ್ಲಿ.

ಗೃಹಲಕ್ಷ್ಮಿಯ ತಿಂಗಳ 2,000 ರೂ. 2023ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದಕ್ಕೆ ಶಾಲೆಯ ಷರತ್ತಿಲ್ಲ. ಮನೆ ಯಜಮಾನಿಯ ಖಾತೆಗೆ ಬೀಳುವ ಆ ಹಣದಲ್ಲಿ ನೋಟ್‌ಬುಕ್ಕು, ಚಪ್ಪಲಿ, ಅಡುಗೆ ಎಣ್ಣೆ ಎಲ್ಲಕ್ಕೂ ಪಾಲಿದೆ. ಅಮ್ಮ ಬೆಳಗಿನ ಎರಡು ಮನೆಗಳಲ್ಲಿ ಒಂದನ್ನು ಬಿಟ್ಟರೆ ಕೂಸು ಅವಳ ಹತ್ತಿರವೇ ಇರುತ್ತದೆ, ದೊಡ್ಡವಳು ಒಂಬತ್ತೂವರೆಯ ಗಂಟೆಗೆ ಮೊದಲೇ ಜಡೆ ಹೆಣೆಸಿಕೊಂಡು ಗೇಟಿನ ಬಳಿ ನಿಂತಿರುತ್ತಾಳೆ.